ಉಗ್ಗಾಣಿ ಬಾಣಲೆಯ ಮುಂದೆ ಲ್ಯಾಬ್ರಡಾರ್

ಕರ್ನೂಲು ಸೀಮೆಯ ಆದೋನಿಯ ಮನೆಗಳಲ್ಲಿ ಬೆಳಿಗ್ಗೆ ಉಗ್ಗಾಣಿಗೆ ಒಗ್ಗರಣೆ ಬಿತ್ತೆಂದರೆ ಸಾಕಿದ ಲ್ಯಾಬ್ರಡಾರ್ ಅಡುಗೆಮನೆಯ ಹೊಸ್ತಿಲಲ್ಲಿ ಹಾಜರು. ಬಾಣಲೆಗಿಂತ ಹೆಚ್ಚಾಗಿ ಅದು ನೋಡುವುದು ಒಲೆಯ ಮುಂದೆ ನಿಂತವರ ಮುಖವನ್ನು. ಫೋನ್ ಬಂತೆಂದು ಅವರು ಪಡಸಾಲೆಯತ್ತ ತಿರುಗಿದರೆ ಸಾಕು, ಮುಂಗಾಲೆರಡೂ ಕಟ್ಟೆಯ ಮೇಲೆ. 30 ಕೆಜಿಯ ಮೈ ಸದ್ದಿಲ್ಲದೆ ಎದ್ದು ನಿಲ್ಲುತ್ತದೆ, ಮೂಗಿನ ತುದಿ ಮುಚ್ಚಳವನ್ನು ಸರಿಸುತ್ತದೆ, ಮಿರ್ಚಿ ಬಜ್ಜಿ ಅಗಿಯದೆಯೇ ಗಂಟಲಿಗಿಳಿಯುತ್ತದೆ.

ಮುಖ ನೋಡುವ ಈ ಚಾಣಾಕ್ಷತನ ನಮ್ಮ ಕಲ್ಪನೆಯಲ್ಲ. ಜರ್ಮನಿಯ ಲೈಪ್‌ಜಿಗ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯವರು 2003ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಮುಟ್ಟಬೇಡ ಎಂದು ಹೇಳಿದ ತಿನಿಸನ್ನು ನಾಯಿಗಳು ಯಾವಾಗ ಕದಿಯುತ್ತವೆ ಎಂದು ಗಮನಿಸಿದರು. ಎದುರಿದ್ದವರು ಕಣ್ಣು ಬಿಟ್ಟು ನೋಡುತ್ತಿದ್ದಾಗ ಕಳ್ಳತನ ಕಡಿಮೆ. ಅವರು ಕಣ್ಣು ಮುಚ್ಚಿದರೆ, ಬೆನ್ನು ತಿರುಗಿಸಿದರೆ ತಿನಿಸು ಮಾಯ. ಅದೇ ತಂಡದಲ್ಲಿದ್ದ ಯೂಲಿಯಾನೆ ಕಾಮಿನ್ಸ್ಕಿ ಮುಂದೆ 84 ನಾಯಿಗಳೊಂದಿಗೆ ಕತ್ತಲು-ಬೆಳಕಿನ ಪ್ರಯೋಗ ಮಾಡಿದರು. ಕೋಣೆ ಕತ್ತಲಾಗಿದ್ದಾಗ ನಾಯಿಗಳು ಹೆಚ್ಚು ಕದ್ದವು. ತಿನಿಸಿನ ಮೇಲೆ ಬೆಳಕು ಬಿದ್ದಾಗ ಹಿಂಜರಿದವು, ಮನುಷ್ಯನ ಮುಖದ ಮೇಲೆ ಮಾತ್ರ ಬೆಳಕಿದ್ದರೆ ಅಷ್ಟಾಗಿ ಲೆಕ್ಕಿಸಲಿಲ್ಲ. ನಮಗೆ ಏನು ಕಾಣುತ್ತದೆ ಎಂಬುದನ್ನೂ ಅವು ಗಣನೆಗೆ ತೆಗೆದುಕೊಳ್ಳುತ್ತಿರಬಹುದು.

ಜಾಣತನ ಎಲ್ಲ ನಾಯಿಗಳಿಗೂ ಇದೆ, ಲ್ಯಾಬ್ರಡಾರ್‌ಗೇ ಏಕೆ ಇಷ್ಟು ಹಪಾಹಪಿ? ಉತ್ತರದ ದೊಡ್ಡ ಭಾಗ ಅದರ ವಂಶವಾಹಿಯಲ್ಲಿದೆ. 2016ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಎಲೆನರ್ ರಾಫನ್ ಮತ್ತು ಸಂಗಡಿಗರು ಪಿಓಎಂಸಿ ಎಂಬ ಜೀನ್‌ನಲ್ಲಿ ಡಿಎನ್‌ಎಯ 14 ಅಕ್ಷರಗಳೇ ಕಳೆದುಹೋಗಿರುವುದನ್ನು ಕಂಡರು. ಹೊಟ್ಟೆ ತುಂಬಿತು ಎಂದು ಮಿದುಳಿಗೆ ತಿಳಿಸುವ ರಾಸಾಯನಿಕಗಳು ತಯಾರಾಗುವುದು ಈ ಜೀನ್‌ನಿಂದ. ಅಕ್ಷರಗಳು ಬಿಟ್ಟುಹೋದ ಕಡೆ ಆ ರಾಸಾಯನಿಕಗಳಲ್ಲಿ ಎರಡು ಸರಿಯಾಗಿ ತಯಾರಾಗುವುದಿಲ್ಲ. ಸುಮಾರು ಕಾಲು ಭಾಗದಷ್ಟು ಲ್ಯಾಬ್ರಡಾರ್‌ಗಳಲ್ಲಿ ಈ ಕೊರತೆ ಇದೆ. ದೋಷವಿರುವ ಜೀನ್‌ನ ಒಂದೊಂದು ಪ್ರತಿಗೂ ತೂಕ ಸರಾಸರಿ 2 ಕೆಜಿಯಷ್ಟು ಏರುತ್ತದೆ.

2024ರಲ್ಲಿ ಇದೇ ತಂಡ ಇನ್ನೂ ಸೊಗಸಾದ ಪ್ರಯೋಗ ಮಾಡಿತು. ಬೆಳಗಿನ ಊಟವಾಗಿ ಮೂರು ಗಂಟೆಯ ಮೇಲೆ, ರಂಧ್ರಗಳಿರುವ ಪಾರದರ್ಶಕ ಡಬ್ಬಿಯಲ್ಲಿ ಸಾಸೇಜ್ ಇಟ್ಟು ನಾಯಿಯ ಮುಂದಿಟ್ಟರು. ಕಾಣುತ್ತದೆ, ವಾಸನೆ ಬರುತ್ತದೆ, ಸಿಗುವುದಿಲ್ಲ. ಕೊರತೆಯಿರುವ ನಾಯಿಗಳು ಡಬ್ಬಿಯನ್ನು ಬಿಡಲೇ ಇಲ್ಲ. ಆದರೆ ಬೇಕಾದಷ್ಟು ಬಡಿಸಿದಾಗ ಅವು ಉಳಿದ ನಾಯಿಗಳಿಗಿಂತ ಹೆಚ್ಚೇನೂ ತಿನ್ನಲಿಲ್ಲ. ಅಂದರೆ ಊಟದ ಪ್ರಮಾಣ ಸಮಸ್ಯೆಯಲ್ಲ, ಊಟವಾದ ಸ್ವಲ್ಪ ಹೊತ್ತಿಗೇ ಹಸಿವು ಮರಳುವುದು ಸಮಸ್ಯೆ. ಇದರ ಮೇಲೆ ಇನ್ನೊಂದು ಅನ್ಯಾಯ: ಸುಮ್ಮನೆ ಮಲಗಿದ್ದಾಗ ಅವು ಖರ್ಚು ಮಾಡುವ ಕ್ಯಾಲೊರಿ ಸುಮಾರು ಶೇ 25ರಷ್ಟು ಕಡಿಮೆ. ಕಡಿಮೆ ಉಣ್ಣಬೇಕು, ಹೆಚ್ಚು ಹಸಿಯಬೇಕು. ಇಂಥ ಪ್ರಾಣಿಯನ್ನು ಹೊಟ್ಟೆಬಾಕ ಎಂದು ಬಯ್ಯುವುದು ನನಗೆ ಸರಿ ಕಾಣುವುದಿಲ್ಲ.

2016ರ ಅಧ್ಯಯನದಲ್ಲಿ, ತರಬೇತಿ ಪಡೆದ ಸಹಾಯಕ ಲ್ಯಾಬ್ರಡಾರ್‌ಗಳಲ್ಲಿ ಈ ಕೊರತೆ ಸುಮಾರು ಮುಕ್ಕಾಲು ಭಾಗಕ್ಕೇ ಇತ್ತು. ತಿನಿಸಿಗಾಗಿ ಏನನ್ನಾದರೂ ಕಲಿಯುವ ನಾಯಿಯನ್ನೇ ನಾವು ಆರಿಸಿ ಬೆಳೆಸಿರಬಹುದು. ಅಂಧರನ್ನು ರಸ್ತೆ ದಾಟಿಸಲು ಕಲಿಸುವ ಹಸಿವೇ ರೊಟ್ಟಿ ಬುಟ್ಟಿಯ ಬಟ್ಟೆ ಸರಿಸಲೂ ಕಲಿಸುತ್ತದೆ.

ಕದ್ದ ಮೇಲೆ ತಲೆ ತಗ್ಗಿಸಿ ಓರೆಗಣ್ಣಲ್ಲಿ ನೋಡುತ್ತದಲ್ಲ, ಅದು ಪಶ್ಚಾತ್ತಾಪವೇ? ಸಂಶೋಧಕಿ ಅಲೆಕ್ಸಾಂಡ್ರಾ ಹೊರೊವಿಟ್ಜ್ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತಪ್ಪು ಮಾಡದ ನಾಯಿಗಳೂ ಬೈಸಿಕೊಂಡಾಗ ಅದೇ ಮುಖ ಮಾಡಿದವು. ಅದು ನಮ್ಮ ಸಿಟ್ಟಿಗೆ ಕೊಡುವ ಉತ್ತರ. ಹೊಡೆದರೆ ನಾಯಿ ಕಲಿಯುವುದು ನಾವಿಲ್ಲದಾಗ ಕದಿಯುವುದನ್ನು.

ನಮ್ಮ ಕಡೆ ಹೆದರಬೇಕಾದದ್ದು ಖಾಲಿಯಾದ ತಟ್ಟೆಗಲ್ಲ, ತಟ್ಟೆಯಲ್ಲಿದ್ದುದಕ್ಕೆ. ಕರ್ನೂಲು ಸೀಮೆಯ ಉಳ್ಳಾಗಡ್ಡಿ ಉಗ್ಗಾಣಿಗೂ ಬೀಳುತ್ತದೆ, ಮಿರ್ಚಿಯ ಪಕ್ಕದಲ್ಲೂ ಇರುತ್ತದೆ. ಅದರಲ್ಲಿರುವ ಗಂಧಕದ ಸಂಯುಕ್ತಗಳು ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ, ಬೇಯಿಸಿದರೂ ವಿಷ ಹೋಗುವುದಿಲ್ಲ. ದೇಹದ ಪ್ರತಿ ಕೆಜಿಗೆ 15ರಿಂದ 30 ಗ್ರಾಂ ತಿಂದರೆ ರಕ್ತದಲ್ಲಿ ಬದಲಾವಣೆ ಶುರುವಾಗುತ್ತದೆ, ಅಂದರೆ 30 ಕೆಜಿ ನಾಯಿಗೆ 450ರಿಂದ 900 ಗ್ರಾಂ. ಒಸಡು ಬಿಳಚಿಕೊಳ್ಳುವುದು, ಮೂತ್ರ ಕೆಂಪಾಗುವುದು ಕೆಲವು ದಿನ ತಡವಾಗಿ ಕಾಣಿಸೀತು. ಬೂಷ್ಟು ಹಿಡಿದ ಶೇಂಗಾ ಇನ್ನೂ ಅಪಾಯ: ಅದರ ಅಫ್ಲಾಟಾಕ್ಸಿನ್ ಯಕೃತ್ತನ್ನು ಕೆಡಿಸುತ್ತದೆ, ಚೀಲ ಬಿಚ್ಚಿಟ್ಟ ಮನೆಗಳಲ್ಲಿ ಇದು ದೂರದ ಮಾತಲ್ಲ. ಪಾಯಸದ ಒಣದ್ರಾಕ್ಷಿ ಮೂತ್ರಪಿಂಡಕ್ಕೆ ಹೊಡೆತ ಕೊಡುತ್ತದೆ. ಇವುಗಳಲ್ಲಿ ಯಾವುದನ್ನಾದರೂ ನುಂಗಿದ್ದು ಗೊತ್ತಾದರೆ ಲಕ್ಷಣಕ್ಕೆ ಕಾಯದೆ ಪಶುವೈದ್ಯರಲ್ಲಿಗೆ ಒಯ್ಯಬೇಕು, ಏನು ತಿಂದಿತು, ಎಷ್ಟು, ಎಷ್ಟು ಹೊತ್ತಾಯಿತು ಎಂದು ಹೇಳಬೇಕು. ಬೇಗ ಹೋದರೆ ವಾಂತಿ ಮಾಡಿಸಲು ಸಮಯವಿರುತ್ತದೆ.

ಉಳಿದದ್ದು ಮನೆಯ ವ್ಯವಸ್ಥೆ. ದಿನದ ಊಟ ಹೆಚ್ಚಿಸದೆ ಅದನ್ನೇ ಮೂರು-ನಾಲ್ಕು ಪಾಲು ಮಾಡಿ, ನಾಯಿ ಆಹಾರದ ಕಾಳುಗಳನ್ನು ಅಂಗಳದಲ್ಲಿ ಚೆಲ್ಲಿ ಮೂಗಿನಿಂದ ಹುಡುಕಿ ತಿನ್ನಲು ಬಿಡಿ. ಬೇಸಿಗೆಯಲ್ಲಿ ಆದೋನಿಯ ಬಿಸಿಲಿಗೆ ಈ ದಪ್ಪ ರೋಮದ ಪ್ರಾಣಿ ಓಡಾಡಲಾರದು, ಹಾಗಾಗಿ ನಸುಕಿನಲ್ಲೇ ನಡೆಸಬೇಕು. ಅಡುಗೆಮನೆಗೆ ಅಗಳಿ ಇರುವ ಬಾಗಿಲಿರಲಿ, ಉಳ್ಳಾಗಡ್ಡಿ ಬುಟ್ಟಿ ಮತ್ತು ಶೇಂಗಾ ಚೀಲ ಅದರ ಒಳಗಿರಲಿ.