ಎಷ್ಟು ದಿನ ಇದ್ದೆ, ಯಾಕೆ ಬಂದೆ? ಅಮೆರಿಕದ ಕಾಲೇಜು ಕೇಳುವ ಎರಡು ಪ್ರಶ್ನೆ

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ ಬರ್ಕ್ಲಿ, ಲಾಸ್ ಏಂಜಲೀಸ್, ಡೇವಿಸ್ ಮುಂತಾದ ಕಡೆ ಕ್ಯಾಂಪಸ್‌ಗಳಿವೆ. 2025ರಲ್ಲಿ ಅಲ್ಲಿ ಪದವಿಗೆ ಸೇರಿದ ಸ್ಥಳೀಯ ವಿದ್ಯಾರ್ಥಿಯ ವಾರ್ಷಿಕ ಮೂಲ ಶುಲ್ಕ ಸುಮಾರು 15,000 ಡಾಲರ್. ಅದೇ ಕೊಠಡಿಯಲ್ಲಿ ಅದೇ ಪಾಠ ಕೇಳುವ ಹೊರರಾಜ್ಯದವರು ಅದರ ಮೇಲೆ ಇನ್ನೂ 37,602 ಡಾಲರ್ ಕಟ್ಟಬೇಕಿತ್ತು. ನಾಲ್ಕು ವರ್ಷಕ್ಕೆ ವ್ಯತ್ಯಾಸವೇ ಒಂದೂವರೆ ಲಕ್ಷ ಡಾಲರ್ ಆಗುತ್ತದೆ.

ಈ ಮೊತ್ತವೆಲ್ಲ ಒಂದೇ ತೀರ್ಮಾನದ ಮೇಲೆ ನಿಂತಿದೆ: ವಿದ್ಯಾರ್ಥಿ ಈ ರಾಜ್ಯದ ನಿವಾಸಿಯೋ ಅಲ್ಲವೋ? ವಾಸಸ್ಥಳ ದೃಢೀಕರಣಕ್ಕೆ ನಾಡಕಚೇರಿಗೆ ಹೋಗುವ ರೂಢಿ ನಮ್ಮದು. ಅಲ್ಲಿ ಅಂಥ ತಹಶೀಲ್ದಾರರಿಲ್ಲ. ಹೆಚ್ಚಿನ ಕಡೆ ರಾಜ್ಯದ ಕಾನೂನನ್ನು ಮುಂದಿಟ್ಟುಕೊಂಡು ವಿಶ್ವವಿದ್ಯಾಲಯವೇ ತೀರ್ಮಾನಿಸುತ್ತದೆ. ನಾರ್ತ್ ಕೆರೊಲಿನಾದಂಥ ಕೆಲವು ರಾಜ್ಯಗಳು ಮಾತ್ರ ಎಲ್ಲ ಕಾಲೇಜುಗಳಿಗೂ ಸೇರಿ ಒಂದೇ ಕೇಂದ್ರ ವ್ಯವಸ್ಥೆ ಮಾಡಿಕೊಂಡಿವೆ.

ಎರಡು ಬಗೆಯ ಶುಲ್ಕ ಏಕೆ?

1862ರಲ್ಲಿ ಲಿಂಕನ್ ಸಹಿ ಹಾಕಿದ ಮಾರಿಲ್ ಕಾಯ್ದೆ ಕೇಂದ್ರ ಸರ್ಕಾರದ ಭೂಮಿಯನ್ನು ರಾಜ್ಯಗಳಿಗೆ ಕೊಟ್ಟಿತು. ಅದನ್ನು ಮಾರಿ ಬಂದ ಹಣದಲ್ಲಿ ಕೃಷಿಯನ್ನೂ ಯಂತ್ರವಿದ್ಯೆಯನ್ನೂ ಕಲಿಸುವ ಕಾಲೇಜುಗಳು ಎದ್ದವು. ಅವುಗಳನ್ನು ಮುಂದೆ ಸಾಕಿದ್ದು ಮುಖ್ಯವಾಗಿ ರಾಜ್ಯದ ಬೊಕ್ಕಸ. ನಮ್ಮ ತೆರಿಗೆಯಿಂದ ನಡೆಯುವ ಕಾಲೇಜಿನಲ್ಲಿ ನಮ್ಮ ಮಕ್ಕಳಿಗೆ ರಿಯಾಯಿತಿ ಇರಬೇಕು ಎಂಬ ವಾದ ಹುಟ್ಟಿದ್ದು ಇಲ್ಲಿಂದ. ಸ್ಟ್ಯಾನ್‌ಫರ್ಡ್, ಹಾರ್ವರ್ಡ್‌ನಂಥ ಖಾಸಗಿ ಸಂಸ್ಥೆಗಳಿಗೆ ಈ ವಾದ ಅನ್ವಯಿಸುವುದಿಲ್ಲ. ಅಲ್ಲಿ ಬೋಧನಾ ಶುಲ್ಕ ಎಲ್ಲರಿಗೂ ಒಂದೇ.

ಭಾರತದಲ್ಲೂ ಇದೇ ಜಗಳ ನಡೆದಿದೆ. ಇಂದೋರಿನ ಮಹಾತ್ಮ ಗಾಂಧಿ ಸ್ಮಾರಕ ವೈದ್ಯಕೀಯ ಕಾಲೇಜು ಮಧ್ಯಭಾರತ ರಾಜ್ಯದ ನಿವಾಸಿಗಳಿಗೆ ಕ್ಯಾಪಿಟೇಶನ್ ಶುಲ್ಕ ಬಿಟ್ಟು, ಹೊರಗಿನವರಿಂದ ಮಾತ್ರ ವಸೂಲಿ ಮಾಡುತ್ತಿತ್ತು. 1955ರ ಡಿ.ಪಿ. ಜೋಶಿ ಪ್ರಕರಣದಲ್ಲಿ ನಮ್ಮ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಸಂವಿಧಾನ ತಡೆಯುವುದು ಹುಟ್ಟಿದ ಸ್ಥಳದ ಮೇಲಿನ ತಾರತಮ್ಯವನ್ನು, ವಾಸದ ಮಾತು ಬೇರೆ ಎಂಬುದು ಬಹುಮತದ ನಿಲುವು.

ಒಂದು ವರ್ಷದ ಗೆರೆ

ಹಾಗಾದರೆ ನಿನ್ನೆ ಬಂದು ಮನೆ ಬಾಡಿಗೆಗೆ ಹಿಡಿದವನೂ ನಿವಾಸಿಯೇ? ಅಮೆರಿಕದ ಹೆಚ್ಚಿನ ರಾಜ್ಯಗಳು ಇದಕ್ಕೆ ಕಂಡುಕೊಂಡ ಉತ್ತರ, ಕನಿಷ್ಠ ಒಂದು ವರ್ಷದ ವಾಸ. ಮಿನ್ನೆಸೋಟ ಹಾಕಿದ್ದ ಇಂಥ ನಿಯಮಕ್ಕೆ ಅಮೆರಿಕದ ಸುಪ್ರೀಂ ಕೋರ್ಟು 1971ರಲ್ಲಿ ಒಪ್ಪಿಗೆ ಕೊಟ್ಟಿತು.

ಕನೆಕ್ಟಿಕಟ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅರ್ಜಿ ಹಾಕುವ ಹೊತ್ತಿಗೆ ಹೊರರಾಜ್ಯದ ವಿಳಾಸವಿದ್ದರೆ ಸಾಕು, ಓದು ಮುಗಿಯುವವರೆಗೂ ಹೊರಗಿನವರೇ ಎಂದಿತು. ಮದುವೆಯಾಗದವರಿಗಂತೂ ಹಿಂದಿನ ಒಂದು ವರ್ಷದಲ್ಲಿ ಯಾವಾಗ ಅಂಥ ವಿಳಾಸವಿದ್ದರೂ ಇದೇ ಗತಿ. ಆ ರಾಜ್ಯದವನನ್ನೇ ಮದುವೆಯಾಗಿ ಕ್ಯಾಲಿಫೋರ್ನಿಯಾದಿಂದ ಬಂದ ಮಾರ್ಗರೆಟ್ ಕ್ಲೈನ್ ಬಳಿ ಕನೆಕ್ಟಿಕಟ್‌ನ ಡ್ರೈವಿಂಗ್ ಲೈಸೆನ್ಸ್ ಇತ್ತು, ಕಾರಿನ ನೋಂದಣಿ ಅಲ್ಲಿಯದು, ಮತವೂ ಅಲ್ಲೇ. ಆದರೂ ರಾಜ್ಯದ ವಿಶ್ವವಿದ್ಯಾಲಯ ಆಕೆಯನ್ನು ಹೊರಗಿನವಳೆಂದೇ ಬಗೆಯಿತು. ಸುಪ್ರೀಂ ಕೋರ್ಟಿನ 1973ರ ವ್ಲಾಂಡಿಸ್ ವಿರುದ್ಧ ಕ್ಲೈನ್ ತೀರ್ಪು ಈ ಕಾನೂನನ್ನು ಹೊಡೆದುಹಾಕಿತು. ರಾಜ್ಯ ತನ್ನ ನಿಜವಾದ ನಿವಾಸಿಗಳಿಗೆ ರಿಯಾಯಿತಿ ಕೊಡಬಹುದು, ಒಂದು ವರ್ಷದ ಅಳತೆಯನ್ನೂ ಇಡಬಹುದು. ಆದರೆ ‘ನಾನು ಇಲ್ಲಿಯವಳಾಗಿದ್ದೇನೆ’ ಎಂದು ಸಾಬೀತು ಮಾಡುವ ಬಾಗಿಲನ್ನೇ ಮುಚ್ಚುವಂತಿಲ್ಲ. ಇಂದಿನ ಎಲ್ಲ ಫಾರಂ, ಮೇಲ್ಮನವಿಗಳ ಹಿಂದೆ ಈ ತೀರ್ಪಿನ ನೆರಳಿದೆ.

ಉದ್ದೇಶಕ್ಕೆ ಕಾಗದದ ಸಾಕ್ಷಿ

ಬಾಗಿಲು ತೆರೆದ ಮೇಲೆ ಹೊಸ ತೊಡಕು ಬಂತು. ದಿನಗಳನ್ನು ಎಣಿಸುವುದು ಸುಲಭ. ಇಲ್ಲೇ ನೆಲೆಸುವ ಉದ್ದೇಶವಿದೆಯೇ ಎಂದು ತಿಳಿಯುವುದು ಹೇಗೆ? ಮನಸ್ಸಿನೊಳಗೆ ಇಣುಕಲು ಆಗದ ಅಧಿಕಾರಿ ಕಾಗದಗಳನ್ನು ನೋಡುತ್ತಾನೆ. ವರ್ಜೀನಿಯಾದ ಕಾನೂನಿನ ಪಟ್ಟಿ ಇದಕ್ಕೆ ಒಳ್ಳೆಯ ಮಾದರಿ. ಆದಾಯ ತೆರಿಗೆ ಯಾವ ರಾಜ್ಯಕ್ಕೆ ಕಟ್ಟಿದ್ದೀರಿ, ಲೈಸೆನ್ಸ್ ಎಲ್ಲಿಯದು, ವಾಹನ ಎಲ್ಲಿ ನೋಂದಾಯಿತವಾಗಿದೆ, ಮತದಾರರ ಪಟ್ಟಿಯಲ್ಲಿ ಹೆಸರು ಎಲ್ಲಿದೆ, ಕೆಲಸ ಎಲ್ಲಿ, ಆಸ್ತಿ ಎಲ್ಲಿ, ಖರ್ಚಿಗೆ ಹಣ ಎಲ್ಲಿಂದ ಬರುತ್ತದೆ, ಓದು ಮುಗಿದ ಮೇಲೆ ಇಲ್ಲೇ ಉದ್ಯೋಗದ ಕರೆ ಬಂದಿದೆಯೇ? ಇವುಗಳಲ್ಲಿ ಯಾವುದೂ ಒಂಟಿಯಾಗಿ ಸಾಲದು. ಎಲ್ಲವೂ ಒಂದೇ ಕಡೆಗೆ ಬೆರಳು ತೋರಬೇಕು.

ಓಹಾಯೊದ ಹುಡುಗನೊಬ್ಬ ವರ್ಜೀನಿಯಾದಲ್ಲಿ ಓದಲು ಬಂದನೆಂದುಕೊಳ್ಳೋಣ. ಬಂದ ತಿಂಗಳೇ ಲೈಸೆನ್ಸ್ ಬದಲಿಸಿದ, ಬಾಡಿಗೆ ಕರಾರು ಮಾಡಿಕೊಂಡ, ಒಂದು ವರ್ಷವನ್ನೂ ಕಳೆದ. ಆದರೆ ಶುಲ್ಕ ಕಟ್ಟುವವರು ಓಹಾಯೊದಲ್ಲಿರುವ ತಂದೆ. ಅವರ ತೆರಿಗೆ ಲೆಕ್ಕದಲ್ಲಿ ಮಗ ಇನ್ನೂ ಅವಲಂಬಿತ. ಬೇಸಿಗೆ ರಜೆ ಬಂದರೆ ಓಹಾಯೊಗೇ ಓಟ. ಅವನ ಅರ್ಜಿ ನಿಲ್ಲುವುದು ಕಷ್ಟ. 24 ತುಂಬದ ವಿದ್ಯಾರ್ಥಿಯನ್ನು ತಂದೆತಾಯಿ ಸಾಕುತ್ತಿದ್ದಾರೆ ಎಂದೇ ವರ್ಜೀನಿಯಾ ಮೊದಲು ಭಾವಿಸುತ್ತದೆ, ಹಾಗಿಲ್ಲವೆಂದು ತೋರಿಸುವ ಹೊಣೆ ವಿದ್ಯಾರ್ಥಿಯದು. ಅದೇ ಊರಿಂದ ಕೆಲಸಕ್ಕೆಂದು ಬಂದು, ಎರಡು ವರ್ಷ ದುಡಿದು, ತೆರಿಗೆ ಕಟ್ಟಿ, ಆಮೇಲೆ ಕಾಲೇಜು ಸೇರಿದವಳ ದಾರಿ ಸಲೀಸು. ಅವಳು ಬಂದದ್ದು ಬದುಕಲು, ಓದು ಆಮೇಲೆ ಸೇರಿಕೊಂಡದ್ದು. ಓದಿಗಾಗಿಯೇ ಬಂದು ಕಳೆದ ಕಾಲಕ್ಕೆ ಈ ಲೆಕ್ಕದಲ್ಲಿ ಬೆಲೆ ಕಡಿಮೆ.

ಲೆಕ್ಕ ಹಾಕಲು ಒಂದು ನಿಗದಿತ ದಿನವೂ ಇರುತ್ತದೆ. ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿಯಲ್ಲಿ ಶರತ್ಕಾಲದ ಸೆಮಿಸ್ಟರಿಗೆ ಅದು ಸೆಪ್ಟೆಂಬರ್ 20. ವಾಸವೂ ಉದ್ದೇಶವೂ ಅದಕ್ಕೆ ಪೂರ್ತಿ ಒಂದು ವರ್ಷ ಮೊದಲೇ ಕೂಡಿರಬೇಕು. ಹಿಂದಿನ ವರ್ಷದ ಅಕ್ಟೋಬರಿನಲ್ಲಿ ಬಂದವರೂ ಆ ಸೆಮಿಸ್ಟರಿನ ಮಟ್ಟಿಗೆ ಹೊರಗಿನವರೇ.

ವೀಸಾ ಎಂಬ ಗೋಡೆ

ಉದ್ದೇಶವೇ ಮುಖ್ಯವೆಂದಾದಾಗ ವಿದೇಶಿಯರ ಪಾಡೇನು? ಭಾರತದಿಂದ ನೇರವಾಗಿ ಓದಲು ಹೋಗುವವರಿಗೆ ಸಿಗುವುದು ಎಫ್-1 ವೀಸಾ. ಸ್ವದೇಶದ ಮನೆಯನ್ನು ಬಿಡುವ ಇರಾದೆ ಇಲ್ಲ ಎಂದು ಒಪ್ಪಿಕೊಂಡರೆ ಮಾತ್ರ ಅದು ಸಿಗುತ್ತದೆ. ‘ಮರಳಿ ಹೋಗುತ್ತೇನೆ’ ಎಂದು ದೂತಾವಾಸಕ್ಕೆ ಹೇಳಿದವರು ‘ಇಲ್ಲೇ ನೆಲೆಸುತ್ತೇನೆ’ ಎಂದು ವಿಶ್ವವಿದ್ಯಾಲಯಕ್ಕೆ ಹೇಳುವಂತಿಲ್ಲ. ಹಾಗಾಗಿ ಎಷ್ಟು ವರ್ಷ ಇದ್ದರೂ ಸಾಮಾನ್ಯವಾಗಿ ಅವರದು ಹೊರಗಿನವರ ಶುಲ್ಕ.

ಎಲ್ಲ ವೀಸಾಗಳೂ ಹೀಗಿಲ್ಲ. ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಅಂತರರಾಷ್ಟ್ರೀಯ ಸಂಸ್ಥೆಗಳ ನೌಕರರ ಮಕ್ಕಳು ಜಿ-4 ವೀಸಾದಲ್ಲಿ ಓದುತ್ತಿದ್ದರು. ಅವರಿಗೆ ಸ್ಥಳೀಯ ಶುಲ್ಕ ಸಿಗಲಿಲ್ಲ. ಸುಪ್ರೀಂ ಕೋರ್ಟಿನ 1982ರ ಟೋಲ್ ವಿರುದ್ಧ ಮೊರೆನೊ ತೀರ್ಪು ಹೇಳಿದ್ದು ಇಷ್ಟು: ಈ ವೀಸಾದವರು ಇಲ್ಲಿ ನೆಲೆಸಬಾರದು ಎಂದು ಸಂಸತ್ತೇ ಹೇಳಿಲ್ಲ, ಆದ್ದರಿಂದ ರಾಜ್ಯ ಅವರ ಮೇಲೆ ಹೊಸ ಹೊರೆ ಹೇರುವಂತಿಲ್ಲ.

ಎಚ್-1ಬಿ ವೀಸಾದಲ್ಲಿ ಎಂಜಿನಿಯರ್ ಕೆಲಸ ಮಾಡುವ ಕನ್ನಡಿಗ ಕುಟುಂಬಗಳಿಗೆ ಈ ಭೇದ ಬಹಳ ಮುಖ್ಯ. ಈ ವೀಸಾದವರು ನೆಲೆಸುವ ಉದ್ದೇಶ ಇಟ್ಟುಕೊಳ್ಳಲು ಕಾನೂನಿನ ಅಡ್ಡಿಯಿಲ್ಲ. ಹಾಗಾಗಿ ಕ್ಯಾಲಿಫೋರ್ನಿಯಾ, ಟೆಕ್ಸಾಸ್‌ನಂಥ ರಾಜ್ಯಗಳಲ್ಲಿ ಅವರೂ ಎಚ್-4 ವೀಸಾದ ಅವರ ಮಕ್ಕಳೂ ಉಳಿದ ಷರತ್ತು ಪೂರೈಸಿದರೆ ಸ್ಥಳೀಯರಾಗಬಲ್ಲರು. ಪೆಟ್ಟು ಬೀಳುವುದು 21 ತುಂಬಿದಾಗ. ಅಂದಿಗೆ ಎಚ್-4 ಮುಗಿಯುತ್ತದೆ. ಭಾರತೀಯರ ಗ್ರೀನ್ ಕಾರ್ಡ್ ಸರದಿ ಬಹಳ ಉದ್ದವಾದ್ದರಿಂದ ಅಷ್ಟರೊಳಗೆ ಅದು ಬರುವುದು ಅನುಮಾನ. ಅಂಗನವಾಡಿಯ ವಯಸ್ಸಿನಲ್ಲಿ ಬಂದು ಅಲ್ಲೇ ಬೆಳೆದ ಮಗು ಡಿಗ್ರಿಯ ನಡುವೆ ಎಫ್-1ಕ್ಕೆ ಬದಲಾಗಿ, ಕಾಗದದ ಮಟ್ಟಿಗೆ ವಿದೇಶಿ ವಿದ್ಯಾರ್ಥಿಯಾಗುತ್ತದೆ.

ಶಾಲೆಯೇ ಅಳತೆಗೋಲಾದಾಗ

ದಾಖಲೆಯಿಲ್ಲದೆ ನೆಲೆಸಿದ ವಲಸಿಗರ ಮಕ್ಕಳ ಪ್ರಶ್ನೆ ಇನ್ನೂ ಜಟಿಲ. 1996ರ ವಲಸೆ ಕಾಯ್ದೆಯ ಪ್ರಕಾರ ‘ವಾಸ’ದ ಆಧಾರದ ಮೇಲೆ ಅವರಿಗೆ ಕೊಡುವ ಉನ್ನತ ಶಿಕ್ಷಣದ ಸೌಲಭ್ಯ, ವಾಸ ಎಲ್ಲೇ ಇರಲಿ, ಎಲ್ಲ ಅಮೆರಿಕನ್ ಪ್ರಜೆಗಳಿಗೂ ಸಿಗಬೇಕು. ಕ್ಯಾಲಿಫೋರ್ನಿಯಾ 2001ರ ಎಬಿ 540 ಕಾನೂನಿನಲ್ಲಿ ವಾಸದ ಮಾತನ್ನೇ ಬದಿಗಿಟ್ಟಿತು. ರಾಜ್ಯದಲ್ಲಿ ಮೂರು ವರ್ಷ ಹೈಸ್ಕೂಲು ಓದಿ ಪಾಸಾಗಿದ್ದರೆ ಹೆಚ್ಚುವರಿ ಶುಲ್ಕ ಮನ್ನಾ ಎಂದಿತು. ಹಾಗೆ ಓದಿ ಬೇರೆ ರಾಜ್ಯಕ್ಕೆ ಹೋದ ಪ್ರಜೆಗೂ ಇದೇ ಲಾಭ. ಆ ಕಾರಣಕ್ಕೇ ರಾಜ್ಯದ ಸುಪ್ರೀಂ ಕೋರ್ಟು 2010ರಲ್ಲಿ ಕಾನೂನನ್ನು ಉಳಿಸಿತು. ಆದರೆ ಮೂಲ ಕಾನೂನು ತಾತ್ಕಾಲಿಕ ವೀಸಾದವರನ್ನು ಹೊರಗಿಟ್ಟಿತ್ತು. ಅಂದರೆ ದಾಖಲೆಯಿಲ್ಲದ ಮಗುವಿಗೆ ತೆರೆದ ಬಾಗಿಲು ದಾಖಲೆಯಿದ್ದ ಮಗುವಿಗೆ ತೆರೆಯಲಿಲ್ಲ. ಟೆಕ್ಸಾಸ್ ಕೂಡ 2001ರಲ್ಲೇ ಇಂಥ ಸೌಲಭ್ಯ ತಂದಿತ್ತು. 2025ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ದಾವೆ ಹೂಡಿ, ರಾಜ್ಯವೂ ಒಪ್ಪಿದ್ದರಿಂದ, ನ್ಯಾಯಾಲಯದ ಆದೇಶದ ಮೂಲಕ ಅದು ನಿಂತಿತು.

ಶಾಲೆಯ ಅಳತೆಗೋಲು ನಮಗೆ ಹೊಸದಲ್ಲ. ಸಿಇಟಿ ಸೀಟಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಮುಖ್ಯವಾಗಿ ನೋಡುವುದು, ಒಂದನೇ ತರಗತಿಯಿಂದ ದ್ವಿತೀಯ ಪಿಯುಸಿವರೆಗೆ ಕನಿಷ್ಠ ಏಳು ವರ್ಷ ರಾಜ್ಯದಲ್ಲಿ ಓದಿದ್ದೀರಾ ಎಂಬುದನ್ನು. ಹೊರನಾಡು, ಗಡಿನಾಡು ಕನ್ನಡಿಗರಿಗೆ ಬೇರೆ ಕಲಮುಗಳಿವೆ. ಶಾಲೆಯ ದಾಖಲೆ ಕಣ್ಣಿಗೆ ಕಾಣುತ್ತದೆ, ಉದ್ದೇಶ ಊಹಿಸುವ ಕಷ್ಟವಿಲ್ಲ. ಆದರೆ ನಿಜವಾಗಿ ಬಂದು ನೆಲೆಸಿದ ಹೊಸಬರಿಗೆ ಈ ಅಳತೆ ಬಿಗಿ. ಅಮೆರಿಕದ ಅಳತೆ ಹೊಸಬರಿಗೆ ಸಡಿಲ, ಅಧಿಕಾರಿಯ ವಿವೇಚನೆಗೆ ಜಾಗ ಹೆಚ್ಚು.

ಅಡ್ಡದಾರಿಯಲ್ಲದ ಬೇರೆ ದಾರಿಗಳು

ನಿವಾಸಿಯಾಗದೆಯೂ ಶುಲ್ಕ ತಗ್ಗಬಹುದು. ಪಶ್ಚಿಮದ ರಾಜ್ಯಗಳು ಸೇರಿ ಮಾಡಿಕೊಂಡ ಒಪ್ಪಂದದಲ್ಲಿ, ಭಾಗವಹಿಸುವ ಕಾಲೇಜುಗಳು ಒಪ್ಪಂದದ ಇತರ ರಾಜ್ಯಗಳಿಂದ ಬಂದು ಈ ಯೋಜನೆಗೆ ಆಯ್ಕೆಯಾದವರಿಂದ ಸ್ಥಳೀಯ ಶುಲ್ಕದ ಒಂದೂವರೆ ಪಟ್ಟು ಮೀರಿ ಪಡೆಯುವುದಿಲ್ಲ. ಮಿನ್ನೆಸೋಟ, ವಿಸ್ಕಾನ್ಸಿನ್ ನಡುವೆ ಪರಸ್ಪರ ಒಪ್ಪಂದವಿದೆ. ಕರ್ತವ್ಯದಲ್ಲಿರುವ ಸೈನಿಕರಿಗೂ ಅವರ ಕುಟುಂಬಕ್ಕೂ ಅವರು ನಿಯುಕ್ತರಾದ ರಾಜ್ಯದಲ್ಲಿ ಸ್ಥಳೀಯ ಶುಲ್ಕ ಕೊಡಬೇಕೆಂದು 2008ರ ಕೇಂದ್ರ ಕಾನೂನು ಹೇಳುತ್ತದೆ.

ಅರ್ಜಿ ಹಾಕುವವರು ಮೂರು ಮಾತು ನೆನಪಿಡಲಿ. ನಿಯಮ ರಾಜ್ಯದಿಂದ ರಾಜ್ಯಕ್ಕೆ ಬೇರೆಯಾದ್ದರಿಂದ ಪರಿಚಯದವರ ಅನುಭವ ಕೇಳಿ ಸುಮ್ಮನಾಗದೆ, ಸೇರುವ ಸಂಸ್ಥೆಯ ಆ ವರ್ಷದ ನಿಯಮವನ್ನೇ ಓದಬೇಕು. ‘ಹೊರಗಿನವರು’ ಎಂಬ ತೀರ್ಮಾನ ಬಂದರೆ ಮೇಲ್ಮನವಿಗಿರುವ ಗಡುವನ್ನು ತಪ್ಪಿಸಬಾರದು. ಸುಳ್ಳು ವಿಳಾಸ ಕೊಟ್ಟವರು ಸಿಕ್ಕಿಬಿದ್ದರೆ ಹಿಂದಿನ ಸೆಮಿಸ್ಟರುಗಳ ಬಾಕಿ ಶುಲ್ಕವನ್ನೂ ಕಟ್ಟಬೇಕಾಗಬಹುದು. ಸಾಕ್ಷಿಯ ಕಾಗದಗಳನ್ನು ಅರ್ಜಿಯ ಹಿಂದಿನ ವಾರ ಹೊಂದಿಸಿಕೊಳ್ಳಲು ಆಗುವುದಿಲ್ಲ. ಕಾಲೇಜಿಗೆ ಒಂದು ವರ್ಷ ಮುಂಚೆ ಎಲ್ಲಿ ದುಡಿದಿರಿ, ಎಲ್ಲಿ ತೆರಿಗೆ ಕಟ್ಟಿದಿರಿ, ಎಲ್ಲಿ ಸಂಸಾರ ಹೂಡಿದಿರಿ ಎಂಬುದೇ ಅಲ್ಲಿ ಸಾಕ್ಷಿ ನುಡಿಯುತ್ತದೆ.