ಹಳೆಯ ಹೋಟೆಲ್ ಮೆನುವಿನ ಕಾಲನಿರ್ಣಯ

ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯಕ್ಕಾಗಿ 1900ರಿಂದ 1924ರವರೆಗೆ 25,000ಕ್ಕೂ ಹೆಚ್ಚು ಮೆನುಗಳನ್ನು ಕಲೆಹಾಕಿದ ಫ್ರಾಂಕ್ ಬುಟಾಲ್ಫ್ ಎಂಬ ಮಹಿಳೆಯ ಹಟದಿಂದಾಗಿ, ಊಟ ಮುಗಿದೊಡನೆ ಕಸದ ಬುಟ್ಟಿ ಸೇರುತ್ತಿದ್ದ ಹಾಳೆಗಳು ಇತಿಹಾಸಕಾರರಿಗೆ ಆಕರಗಳಾದವು. ಇಂಥ ಹಾಳೆಯಲ್ಲಿ ಇಸವಿ ಇಲ್ಲದಿದ್ದರೂ ವಾರ, ತಾರೀಖುಗಳಿದ್ದರೆ ದಾರಿ ಸಿಗುತ್ತದೆ: 'ಭಾನುವಾರ, ಡಿಸೆಂಬರ್ 25' ಎಂದು ಅಚ್ಚಾಗಿರುವ ಕ್ರಿಸ್‌ಮಸ್ ಭೋಜನವು 1898, 1904 ಅಥವಾ 1910ರದ್ದಾಗಿರಬಹುದೇ ಹೊರತು ನಡುವಿನ ಬೇರೆ ವರ್ಷಗಳದ್ದಲ್ಲ; ಮುದ್ರಕರ ಹೆಸರನ್ನು ಅಂದಿನ ನಗರ ಡೈರೆಕ್ಟರಿಗಳಲ್ಲಿ, ಅಂದರೆ ವ್ಯಾಪಾರಿಗಳ ವಿಳಾಸಪಟ್ಟಿಗಳಲ್ಲಿ, ಹುಡುಕಿದರೆ ಆಯ್ಕೆ ಇನ್ನಷ್ಟು ಕಿರಿದಾಗುತ್ತದೆ.

ಬೆಲೆಗಳೇ ಇಲ್ಲದ ಮೆನುವನ್ನು ಅಪೂರ್ಣವೆಂದು ತಳ್ಳಿಹಾಕುವುದು ಆತುರವಾದೀತು, ಏಕೆಂದರೆ ಕೊಠಡಿಯ ಬಾಡಿಗೆಯಲ್ಲೇ ಊಟವೂ ಸೇರಿರುತ್ತಿದ್ದ 'ಅಮೆರಿಕನ್ ಪ್ಲಾನ್' ಪದ್ಧತಿಯಲ್ಲಿ ದರ ನಮೂದಿಸುವ ಅಗತ್ಯವಿರಲಿಲ್ಲ. ಮದ್ಯದ ಹೆಸರುಗಳು ಕಾಣದಿದ್ದರೆ 1920ರಿಂದ 1933ರವರೆಗಿನ ಅಮೆರಿಕದ ಪಾನನಿಷೇಧದ ಕಾಲವೆಂದು ಊಹಿಸಬಹುದಾದರೂ ಅದೊಂದೇ ಸಾಕ್ಷ್ಯ ಸಾಲದು.