ಜಿ. ಆರ್. ಇ. ಪರೀಕ್ಷೆಯೂ ಇಂಗ್ಲಿಷಿನ ಭಯವೂ

ಕಳೆದ ವರ್ಷದ ಮಾಗಿಯಲ್ಲಿ ಒಂದು ಸಂಜೆ, ನಮ್ಮ ನೆರೆಮನೆಯ ಹುಡುಗಿಯೊಬ್ಬಳು ಇಟ್ಟಿಗೆಯಷ್ಟು ದಪ್ಪನಾದ ಪುಸ್ತಕವೊಂದನ್ನು ಹಿಡಿದುಕೊಂಡು ನಮ್ಮ ಜಗಲಿಗೆ ಬಂದಳು. ಈಕೆಯು ತಾಲ್ಲೂಕು ಊರೊಂದರಲ್ಲಿ ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿಯೇ ಓದಿ, ಅನಂತರ ಸಿವಿಲ್ ಇಂಜಿನಿಯರಿಂಗ್ ಪದವಿಯನ್ನು ಒಳ್ಳೆಯ ದರ್ಜೆಯಲ್ಲಿ ಪಡೆದವಳು. ಅಮೆರಿಕಾ ದೇಶಕ್ಕೆ ಹೋಗಿ, ನೀರಿನ ಶುದ್ಧೀಕರಣದ ವಿಷಯವಾಗಿ ಹೆಚ್ಚಿನ ವ್ಯಾಸಂಗ ಮಾಡಬೇಕೆಂಬುದು ಆಕೆಯ ಆಸೆ. ಅದಕ್ಕಾಗಿ ಊರಿನ ನಿವೇಶನವನ್ನು ಬ್ಯಾಂಕಿಗೆ ಅಡವಿಡಲು ತಂದೆಯವರು ಒಪ್ಪಿದ್ದರು. ಪ್ರವೇಶಕ್ಕೆ ಮೊದಲು ಬರೆಯಬೇಕಾದ ಜಿ. ಆರ್. ಇ. ಪರೀಕ್ಷೆಯಲ್ಲಿ ಗಣಿತದ ಭಾಗವು ಆಕೆಗೆ ಆಟದಂತಿತ್ತು. ಎದುರಾಗಿ ನಿಂತದ್ದು ಇಂಗ್ಲಿಷಿನ ಭಾಗ.

“ಮೇಷ್ಟ್ರೇ, ಇದರಲ್ಲಿ ಮೂರು ಸಾವಿರಕ್ಕಿಂತ ಹೆಚ್ಚು ಪದಗಳಿವೆ. ಎರಡು ತಿಂಗಳಿಂದ ಉರುಹೊಡೆಯುತ್ತಿದ್ದೇನೆ. ‘ಸಿ’ ಅಕ್ಷರಕ್ಕೆ ಬರುವ ಹೊತ್ತಿಗೆ ‘ಎ’ ಮರೆತುಹೋಗಿರುತ್ತದೆ. ನಮ್ಮಂಥ ಕನ್ನಡ ಶಾಲೆಯವರಿಗೆ ಇದು ಆಗುವ ಕೆಲಸವಲ್ಲ ಎಂದು ಕಾಣುತ್ತದೆ” ಎಂದು ಹೇಳಿ ಕಣ್ಣಿನಲ್ಲಿ ನೀರು ತಂದುಕೊಂಡಳು.

ಆ ಪುಸ್ತಕವು ಆಕೆಯ ಚಿಕ್ಕಪ್ಪನವರದು. ಅವರು ಮೂವತ್ತು ವರ್ಷಗಳ ಹಿಂದೆ ಅದನ್ನೇ ಓದಿ ತೇರ್ಗಡೆಯಾಗಿ ಆ ದೇಶಕ್ಕೆ ಹೋದವರು; ಅಣ್ಣನ ಮಗಳ ಮೇಲಿನ ಅಕ್ಕರೆಯಿಂದ ಅಲ್ಲಿಂದಲೇ ಕಳುಹಿಸಿದ್ದರು. ಇಂತಹ ಉಪಕಾರವೇ ಅನೇಕ ಮನೆಗಳಲ್ಲಿ ಅಪಕಾರವಾಗಿ ಪರಿಣಮಿಸುತ್ತಿರುವುದನ್ನು ಕಂಡು, ಈ ವಿಷಯವನ್ನು ಗೃಹಸ್ಥರ ಮುಂದಿಡಬೇಕೆಂದು ತೋರಿತು.

‘ಗ್ರಾಜುಯೇಟ್ ರೆಕಾರ್ಡ್ ಎಕ್ಸಾಮಿನೇಷನ್’ ಎಂಬ ಈ ಪರೀಕ್ಷೆಯು 1936ರಲ್ಲಿ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಕೊಲಂಬಿಯಾ ಎಂಬ ನಾಲ್ಕು ವಿಶ್ವವಿದ್ಯಾನಿಲಯಗಳೂ ಕಾರ್ನೆಗಿ ಪ್ರತಿಷ್ಠಾನವೂ ಕೂಡಿ ಆರಂಭಿಸಿದ ಒಂದು ಪ್ರಯೋಗ. 1947ರಲ್ಲಿ ‘ಎಜುಕೇಷನಲ್ ಟೆಸ್ಟಿಂಗ್ ಸರ್ವಿಸ್’ ಎಂಬ ಸಂಸ್ಥೆಯು ಹುಟ್ಟಿತು. ಸ್ವಲ್ಪ ಕಾಲದಲ್ಲಿಯೇ ಪರೀಕ್ಷೆಯು ಅದರ ಕೈಗೆ ಬಂದಿತು. ಬಹುಕಾಲದವರೆಗೆ ಇದರ ಇಂಗ್ಲಿಷು ಭಾಗದಲ್ಲಿ, ಒಂದು ಪದವನ್ನು ಒಂಟಿಯಾಗಿ ನಿಲ್ಲಿಸಿ ಅದರ ವಿರುದ್ಧಾರ್ಥಕವನ್ನು ಹೇಳೆಂದೂ, ಎರಡು ಪದಗಳ ಸಂಬಂಧವನ್ನು ಕೊಟ್ಟು ಅಂತಹುದೇ ಇನ್ನೊಂದು ಜೋಡಿಯನ್ನು ಆರಿಸೆಂದೂ ಕೇಳುತ್ತಿದ್ದರು. ಆಗ ಪದವು ಗೊತ್ತಿಲ್ಲದವನಿಗೆ ಗತಿಯೇ ಇರಲಿಲ್ಲ. ಚಿಕ್ಕಪ್ಪನವರ ಪುಸ್ತಕವು ಆ ಕಾಲದ್ದು. 2011ರ ಆಗಸ್ಟಿನಲ್ಲಿ ಆ ಎರಡು ಬಗೆಯ ಪ್ರಶ್ನೆಗಳನ್ನೂ ತೆಗೆದುಹಾಕಿ, ಅಂಕಗಳ ಅಳತೆಯನ್ನು 130ರಿಂದ 170ರವರೆಗೆ ಎಂದು ಬದಲಾಯಿಸಿದರು. 2023ರ ಸೆಪ್ಟೆಂಬರಿನಲ್ಲಿ ಪರೀಕ್ಷೆಯ ಕಾಲವನ್ನು ಸಹ ಮೊಟಕುಗೊಳಿಸಿ, ಒಟ್ಟು ಎರಡು ಗಂಟೆಗಿಂತ ಎರಡು ನಿಮಿಷ ಕಡಿಮೆ ಮಾಡಿದರು. ಈಗ ಉಳಿದಿರುವ ಇಂಗ್ಲಿಷು ಭಾಗದ ಹೆಸರು ‘ವರ್ಬಲ್ ರೀಸನಿಂಗ್’. ಇದರಲ್ಲಿ ಎರಡನೆಯ ಮಾತನ್ನು ಬಹುಮಂದಿ ಗಮನಿಸುವುದಿಲ್ಲ. ರೀಸನಿಂಗ್ ಎಂದರೆ ತರ್ಕ.

ಅದು ಹೇಗೆಂಬುದನ್ನು ಒಂದು ಉದಾಹರಣೆಯಿಂದ ನೋಡೋಣ. ವಾಕ್ಯದಲ್ಲಿ ಒಂದು ಸ್ಥಳವನ್ನು ಖಾಲಿ ಬಿಟ್ಟು, ಆರು ಪದಗಳನ್ನು ಕೊಡುತ್ತಾರೆ. ವಾಕ್ಯಕ್ಕೆ ಒಂದೇ ಅರ್ಥವನ್ನು ಕೊಡುವ ಎರಡು ಪದಗಳನ್ನು ಆರಿಸಬೇಕು. ಒಂದು ಸರಿ, ಒಂದು ತಪ್ಪಾದರೆ ಅರ್ಧ ಅಂಕವೂ ಇಲ್ಲ. ನಾನು ಆ ಹುಡುಗಿಗೆ ಬರೆದುಕೊಟ್ಟ ವಾಕ್ಯದ ಭಾವ ಹೀಗಿತ್ತು: “ಆ ಪಂಡಿತನು ಸಭೆಯಲ್ಲಿ ಬಾಯಿ ತೆರೆಯಲು ಸಂಕೋಚಪಡುತ್ತಿದ್ದರೂ, ಮಿತ್ರರ ನಡುವೆ ಮಾತ್ರ — ಆಗಿರುತ್ತಿದ್ದನು.” ಕೊಟ್ಟ ಪದಗಳು: ಎರುಡೈಟ್, ಟ್ಯಾಸಿಟರ್ನ್, ಗ್ಯಾರುಲಸ್, ಅಫೇಬಲ್, ರೆಟಿಸೆಂಟ್, ಲೊಕ್ವೇಷಿಯಸ್.

ಹುಡುಗಿಯು ಮೊದಲು ಎರುಡೈಟ್ ಎಂಬುದನ್ನು ಹಿಡಿದಳು; ಪಂಡಿತನಿಗೆ ವಿದ್ವಾಂಸನೆಂಬ ಮಾತು ಒಪ್ಪುವುದಷ್ಟೆ. ಆದರೆ ವಾಕ್ಯವು ಅವನ ವಿದ್ಯೆಯ ವಿಷಯವಾಗಿ ಏನನ್ನೂ ಹೇಳುತ್ತಿಲ್ಲ. ಬಳಿಕ ಟ್ಯಾಸಿಟರ್ನ್, ರೆಟಿಸೆಂಟ್ ಎಂಬ ಜೋಡಿಯನ್ನು ಕಂಡಳು. ಎರಡಕ್ಕೂ ಮಿತಭಾಷಿಯೆಂದೇ ಅರ್ಥ. ಸಮಾನಾರ್ಥಕಗಳು ಸಿಕ್ಕವೆಂಬ ಸಂತೋಷದಲ್ಲಿ ‘ಸಂಕೋಚಪಡುತ್ತಿದ್ದರೂ’ ಎಂಬುದನ್ನು ಮರೆತಳು. ಆ ‘ರೂ’ ಎಂಬ ಒಂದಕ್ಷರವು ವಾಕ್ಯವನ್ನು ಹಿಂದುಮುಂದಾಗಿ ತಿರುಗಿಸಿರುವುದರಿಂದ ಬೇಕಾದದ್ದು ಅದಕ್ಕೆ ವಿರುದ್ಧವಾದ ಅರ್ಥ. ಅಫೇಬಲ್, ಅಂದರೆ ಸ್ನೇಹಪರನೆಂಬುದು, ಹೇಗೋ ಹೊಂದಿಕೊಳ್ಳುತ್ತದೆಯಾದರೂ ಅದಕ್ಕೆ ಜೊತೆಯಿಲ್ಲ. ಉಳಿದದ್ದು ಗ್ಯಾರುಲಸ್, ಲೊಕ್ವೇಷಿಯಸ್. ಎರಡೂ ಬಹಳ ಮಾತನಾಡುವವನೆಂಬ ಅರ್ಥದವು. ಇದನ್ನು ಬಿಡಿಸಿದ ಮೇಲೆ ಆಕೆಯು, “ಆರು ಪದಗಳೂ ನನಗೆ ಗೊತ್ತಿದ್ದವು, ಆದರೂ ಎರಡು ಸಲ ತಪ್ಪಿದೆನಲ್ಲ!” ಎಂದಳು. ಹೌದು. ತಪ್ಪಿದ್ದು ಪದಗಳಲ್ಲಿ ಅಲ್ಲ. ಆದುದರಿಂದ ನಾನು ಮೊದಲು ಹಾಕಿದ ಕಟ್ಟಳೆಯೆಂದರೆ, ಕೊಟ್ಟ ಪದಗಳನ್ನು ಕೈಯಿಂದ ಮರೆಮಾಡಿ, ಖಾಲಿ ಸ್ಥಳಕ್ಕೆ ತನ್ನದೇ ಆದ ಒಂದು ಮಾತನ್ನು, ಕನ್ನಡದಲ್ಲಾದರೂ ಸರಿಯೇ, ತುಂಬಿಕೊಂಡ ಮೇಲೆಯೇ ಕೈಯನ್ನು ತೆಗೆಯತಕ್ಕದ್ದು.

ಇನ್ನೊಂದು ಬಗೆಯ ಪ್ರಶ್ನೆಯಲ್ಲಿ ಒಂದರಿಂದ ಮೂರರವರೆಗೆ ಖಾಲಿ ಸ್ಥಳಗಳಿರುತ್ತವೆ. ಎಲ್ಲವೂ ಸರಿಯಾದರೆ ಮಾತ್ರ ಅಂಕ. ಇಲ್ಲಿಯೂ ಸುಲಭವಾದ ಸ್ಥಳವನ್ನು ಮೊದಲು ತುಂಬಬಹುದು; ಮೊದಲನೆಯದರಿಂದಲೇ ಆರಂಭಿಸಬೇಕೆಂಬ ನಿಯಮವಿಲ್ಲ.

ಕನ್ನಡದಲ್ಲಿ ಓದಿಬಂದವರು ನಿಜವಾಗಿ ಎಡವುವುದು ಇಂಗ್ಲಿಷಿನ ನಿಷೇಧದ ವಕ್ರಗತಿಗಳಲ್ಲಿ. ‘ಎನಿಥಿಂಗ್ ಬಟ್ ಸಿಂಪಲ್’ ಎಂದರೆ ಸ್ವಲ್ಪವೂ ಸರಳವಲ್ಲವೆಂದು ಅರ್ಥ. ‘ನಥಿಂಗ್ ಇಫ್ ನಾಟ್ ಕಾಷಸ್’ ಎಂದರೆ ಅತ್ಯಂತ ಎಚ್ಚರಿಕೆಯುಳ್ಳವನೆಂದು. ಬಿಡಿ ಬಿಡಿಯಾಗಿ ನೋಡಿದರೆ ಇವುಗಳಲ್ಲಿ ಕಠಿನ ಪದ ಒಂದೂ ಇಲ್ಲ. ಒಟ್ಟಾಗಿ ಓದಿದರೆ ಅರ್ಥವು ತಲೆಕೆಳಗಾಗುತ್ತದೆ. ‘ನಾಟ್ ಅನ್‌ಕಾಮನ್’ ಎಂಬುದು ನಮಗೆ ಹೊಸದಲ್ಲ. “ಅವನಿಗೆ ಗೊತ್ತಿಲ್ಲದ್ದೇನಲ್ಲ” ಎಂದು ನಮ್ಮ ಅಜ್ಜಿಯರು ಹೇಳುತ್ತಿದ್ದ ಧಾಟಿಯೇ ಅದು. ಇಂತಹ ನುಡಿಗಟ್ಟುಗಳನ್ನು ಒಂದು ಪುಟ ಬರೆದಿಟ್ಟುಕೊಂಡರೆ, ಪಟ್ಟಿಯ ಐನೂರು ಅಪರೂಪದ ಪದಗಳಿಗಿಂತ ಹೆಚ್ಚು ಪ್ರಯೋಜನವೆಂಬುದು ನನ್ನ ಅಭಿಪ್ರಾಯ.

ಪರಿಚಿತವಾದ ಪದಗಳೂ ಮೋಸಮಾಡುತ್ತವೆ. ಸಾಲ ‘ಸ್ಯಾಂಕ್ಷನ್’ ಆಯಿತೆಂದು ನಾವು ದಿನವೂ ಹೇಳುತ್ತೇವೆ. ಆದರೆ ಒಂದು ರಾಜ್ಯದ ಮೇಲೆ ‘ಸ್ಯಾಂಕ್ಷನ್’ ಹೇರಿದರೆಂದರೆ ಅದು ಮಂಜೂರಾತಿಯಲ್ಲ, ದಂಡನೆ. ‘ಕ್ವಾಲಿಫೈಡ್’ ಡಾಕ್ಟರೆಂದರೆ ಅರ್ಹತೆಯುಳ್ಳವನು; ‘ಕ್ವಾಲಿಫೈಡ್’ ಪ್ರಶಂಸೆಯೆಂದರೆ ಮನಸಾರೆ ಮಾಡದೆ, ಆದರೆ-ಹೋದರೆಗಳೊಡನೆ ಮಾಡಿದ ಪ್ರಶಂಸೆ. ‘ಟೆಂಪರ್’ ಎಂಬುದು ಕ್ರಿಯಾಪದವಾದಾಗ ಸಿಟ್ಟನ್ನಲ್ಲ, ತಗ್ಗಿಸಿ ಹದಗೊಳಿಸುವುದನ್ನು ಹೇಳುತ್ತದೆ. ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಹಿಂದಿಯವರು ‘ಶಿಕ್ಷಾ’ ಎಂದರೆ ವಿದ್ಯೆ, ನಾವು ಶಿಕ್ಷೆಯೆಂದರೆ ದಂಡನೆ. ಅವರಿಗೆ ‘ಅವಸರ’ವೆಂದರೆ ಸಂದರ್ಭ, ನಮಗೆ ಆತುರ. ಪಕ್ಕದ ಪದಗಳನ್ನು ನೋಡಿಯೇ ಅರ್ಥವನ್ನು ತಿಳಿಯಬೇಕು.

ಹಾಗಾದರೆ ಪದಗಳನ್ನು ಕಲಿಯುವುದೇ ಬೇಡವೇ ಎಂದು ವಾಚಕರು ಕೇಳಬಹುದು. ಖಂಡಿತವಾಗಿಯೂ ಬೇಕು, ಆದರೆ ಅಕಾರಾದಿಯಾಗಿ ಅಲ್ಲ. ನಮ್ಮ ಹಿರಿಯರು ಬಾಯಿಪಾಠ ಮಾಡುತ್ತಿದ್ದ ಅಮರಕೋಶವು ಅಕಾರಾದಿಯಾಗಿಲ್ಲ; ಸ್ವರ್ಗಕ್ಕೆ ಸಂಬಂಧಿಸಿದವು ಒಂದೆಡೆ, ಭೂಮಿಗೆ ಸಂಬಂಧಿಸಿದವು ಒಂದೆಡೆ, ಹೀಗೆ ವರ್ಗವರ್ಗವಾಗಿ, ಒಂದೇ ಅರ್ಥದವು ಒಟ್ಟಿಗೆ ಬರುತ್ತವೆ. ಇಂಗ್ಲಿಷಿಗೂ ಅದೇ ಕ್ರಮವು ಉತ್ತಮ. ಮಾತು ಹೆಚ್ಚಾದವರ ಗುಂಪಿಗೆ ಗ್ಯಾರುಲಸ್, ಲೊಕ್ವೇಷಿಯಸ್, ವರ್ಬೋಸ್; ಮಾತು ಕಡಿಮೆಯವರ ಗುಂಪಿಗೆ ಟ್ಯಾಸಿಟರ್ನ್, ರೆಟಿಸೆಂಟ್, ಲಕಾನಿಕ್. ಗುಂಪಿನೊಳಗೂ ಗುಣಭೇದವನ್ನು ಗುರುತಿಸಬೇಕು: ವಾಗ್ಮಿ ಎಂದರೆ ಹೊಗಳಿಕೆ, ವಾಚಾಳಿ ಎಂದರೆ ತೆಗಳಿಕೆ, ಹಾಗೆಯೇ ಎಲೊಕ್ವೆಂಟ್ ಎಂಬುದು ಹೊಗಳಿಕೆ, ಗ್ಯಾರುಲಸ್ ಎಂಬುದು ತೆಗಳಿಕೆ.

ಧಾತುಗಳನ್ನು ತಿಳಿದಿದ್ದರೆ ನೆನಪಿಗೆ ಇನ್ನೂ ಸುಲಭ. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಭಾಷೆಗಳು ಒಂದೇ ಮೂಲದಿಂದ ಬಂದಿರಬೇಕೆಂದು ಸರ್ ವಿಲಿಯಂ ಜೋನ್ಸರು 1786ರಲ್ಲಿ ಕಲ್ಕತ್ತೆಯಲ್ಲಿ ಹೇಳಿದರು. ಆ ನಂಟಿನಿಂದ ನಮಗೊಂದು ಲಾಭವಿದೆ. ನಮ್ಮ ‘ನಾಮ’ವೂ ಲ್ಯಾಟಿನ್ನಿನ ‘ನೋಮೆನ್’ ಎಂಬುದೂ ಒಡಹುಟ್ಟಿದವು. ಹೆಸರಿಗೆ ಮಾತ್ರ ಇರುವುದು ನಾಮಿನಲ್, ಹೆಸರಿಲ್ಲದ್ದು ಅನಾನಿಮಸ್, ಹೆಸರು ಕೆಡುವುದು ಇಗ್ನೊಮಿನಿ. ಅನಾನಿಮಸ್ ಎಂಬುದರ ಮೊದಲಲ್ಲಿರುವ ‘ಅನ್’ ನಮ್ಮ ‘ಅನಾದಿ’, ‘ಅನಂತ’ಗಳಲ್ಲಿ ಇರುವ ನಿಷೇಧವೇ. ಹೀಗೆ ತೋರಿಸಿದಾಗ, ಪರಕೀಯವೆಂದು ತಿಳಿದಿದ್ದ ಪದಗಳಲ್ಲಿ ಮನೆಯವರ ಮುಖಚಹರೆ ಕಂಡಂತಾಗಿ ಹುಡುಗಿಯು ನಕ್ಕಳು. ಆದರೆ ಊಹೆಯು ಅತಿಯಾಗಕೂಡದು: ‘ನಾಯ್ಸಮ್’ ಎಂಬುದಕ್ಕೂ ನಾಯ್ಸಿಗೂ, ಅಂದರೆ ಗದ್ದಲಕ್ಕೂ, ಸಂಬಂಧವಿಲ್ಲ, ಅದು ದುರ್ಗಂಧವನ್ನೂ ಕೇಡನ್ನೂ ಹೇಳುವ ಪದ. ‘ಎನರ್ವೇಟ್’ ಎಂಬುದು ಎನರ್ಜಿಯಂತೆ ಕೇಳಿಸಿದರೂ ಶಕ್ತಿಗುಂದಿಸುವುದೆಂದು ಅರ್ಥ. ದಿನಕ್ಕೆ ಹತ್ತು ಪದ, ಪ್ರತಿಯೊಂದಕ್ಕೂ ಓದಿದ ಕಡೆಯ ಒಂದು ವಾಕ್ಯ, ಭಾನುವಾರ ಹಳೆಯವುಗಳ ಪುನರಾವರ್ತನೆ: ಇಷ್ಟನ್ನು ನಾಲ್ಕು ತಿಂಗಳು ಬಿಡದೆ ಮಾಡಿದರೆ ಸಾಕು.

ಪ್ರಶ್ನೆಗಳಲ್ಲಿ ಸುಮಾರು ಅರ್ಧದಷ್ಟು ಗದ್ಯಭಾಗವನ್ನು ಓದಿ ಉತ್ತರಿಸುವಂತಹವು. ಇಲ್ಲಿ ಇಂಜಿನಿಯರಿಂಗ್ ಓದಿದವರಿಗೆ ಒಂದು ವಿಚಿತ್ರವಾದ ಕಷ್ಟವುಂಟು. ನೀರಿನ ಸೋಸುವಿಕೆಯ ಮೇಲಿನ ಗದ್ಯಭಾಗವೊಂದರಲ್ಲಿ ನಮ್ಮ ಹುಡುಗಿಯು ತನಗೆ ತಿಳಿದಿದ್ದ ಶಾಸ್ತ್ರದಂತೆ ಉತ್ತರಿಸಿ ತಪ್ಪಿದಳು. ಆಕೆಯ ಶಾಸ್ತ್ರವು ಸರಿಯೇ. ಆದರೆ ಲೇಖಕನು ಅದನ್ನು ಅಲ್ಲಿ ಹೇಳಿರಲಿಲ್ಲ. ಉತ್ತರಕ್ಕೆ ಆಧಾರವು ಗದ್ಯಭಾಗದಲ್ಲಿಯೇ ಇರಬೇಕು. ಓದುವವನ ಪಾಂಡಿತ್ಯಕ್ಕೆ ಅಲ್ಲಿ ಬೆಲೆಯಿಲ್ಲ. ‘ಯಾವಾಗಲೂ’, ‘ಮಾತ್ರವೇ’ ಎಂಬ ಬಿಗಿಯಾದ ಮಾತುಗಳುಳ್ಳ ಉತ್ತರಗಳನ್ನು ಸಂಶಯದಿಂದ ನೋಡಬೇಕು. ಎಲ್ಲಕ್ಕಿಂತ ಹೆಚ್ಚಾಗಿ, ಒಂದು ಅಭಿಪ್ರಾಯವು ಬರೆದವನದೋ, ಅವನು ಖಂಡಿಸಲಿರುವ ಇತರರದೋ ಎಂಬುದನ್ನು ವಿಂಗಡಿಸಬೇಕು. ಇಂಗ್ಲಿಷಿನ ಪ್ರೌಢಲೇಖಕರು ಪರರ ಮತವನ್ನು ಬಹಳ ಮರ್ಯಾದೆಯಿಂದ ಹೇಳಿ, ನಾಲ್ಕನೆಯ ವಾಕ್ಯದಲ್ಲಿ ಮೆಲ್ಲನೆ ‘ಯೆಟ್’ ಎಂದು ಅದರ ಕಾಲೆಳೆಯುತ್ತಾರೆ.

ಇದಕ್ಕೆ ನಾನು ಸೂಚಿಸಿದ ಅಭ್ಯಾಸದಲ್ಲಿ ಮುಖ್ಯಪಾತ್ರವು ಆಕೆಯ ತಾಯಿಯದಾಯಿತು. ಅವರಿಗೆ ಇಂಗ್ಲಿಷು ಬಾರದು. ಹುಡುಗಿಯು ದಿನವೂ ಒಂದು ಗಂಭೀರವಾದ ಇಂಗ್ಲಿಷು ಲೇಖನವನ್ನು, ವಿಜ್ಞಾನವೊಂದು ದಿನ, ಚರಿತ್ರೆ ಅಥವಾ ಕಲೆಯೊಂದು ದಿನ, ಓದಿ, ರಾತ್ರಿ ಅಡಿಗೆಮನೆಯಲ್ಲಿ ಕುಳಿತು ಅದರ ಸಾರವನ್ನು ಮೂರು ಕನ್ನಡ ವಾಕ್ಯಗಳಲ್ಲಿ ತಾಯಿಗೆ ಹೇಳಬೇಕು. ತಾಯಿಗೆ ಅರ್ಥವಾಗದಿದ್ದರೆ ಮಗಳಿಗೂ ಅರ್ಥವಾಗಿಲ್ಲವೆಂದೇ ಲೆಕ್ಕ. ಮೊದಲ ವಾರದಲ್ಲಿ ತಾಯಿಯವರು, “ಅಲ್ಲವೇ, ಅವನು ಬೇಡವೆನ್ನುತ್ತಾನೋ ಬೇಕೆನ್ನುತ್ತಾನೋ, ಅದನ್ನು ಹೇಳು” ಎಂದು ಗದರಿಸಿದರಂತೆ. ಪುಸ್ತಕ ತೆರೆದು ನೋಡಿದರೆ ಪರೀಕ್ಷಕರ ಪ್ರಶ್ನೆಯೂ ಅದೇ ಆಗಿತ್ತು! ಆ ದಿನದಿಂದ ಹುಡುಗಿಯ ಓದು ಬೇರೆಯಾಯಿತು.

ಕಾಲದ ವಿಷಯವನ್ನೂ ತಿಳಿದಿರಬೇಕು. ಮೊದಲನೆಯ ಖಂಡದಲ್ಲಿ 12 ಪ್ರಶ್ನೆಗಳಿಗೆ 18 ನಿಮಿಷ, ಎರಡನೆಯದರಲ್ಲಿ 15 ಪ್ರಶ್ನೆಗಳಿಗೆ 23 ನಿಮಿಷ. ಅಂದರೆ ಪ್ರಶ್ನೆಯೊಂದಕ್ಕೆ ಒಂದೂವರೆ ನಿಮಿಷ. ಮೊದಲನೆಯದನ್ನು ಹೇಗೆ ಬರೆದರೆಂಬುದನ್ನು ನೋಡಿ ಕಂಪ್ಯೂಟರು ಎರಡನೆಯದರ ಕಾಠಿಣ್ಯವನ್ನು ನಿರ್ಧರಿಸುತ್ತದೆ. ತಪ್ಪಿದರೆ ಅಂಕವನ್ನು ಕಳೆಯುವುದಿಲ್ಲವಾದ್ದರಿಂದ ಯಾವ ಪ್ರಶ್ನೆಯನ್ನೂ ಖಾಲಿ ಬಿಡತಕ್ಕದ್ದಲ್ಲ. ಪರೀಕ್ಷೆ ನಡೆಸುವ ಸಂಸ್ಥೆಯೇ ‘ಪವರ್‌ಪ್ರೆಪ್’ ಎಂಬ ಹೆಸರಿನಲ್ಲಿ ಎರಡು ಮಾದರಿ ಪರೀಕ್ಷೆಗಳನ್ನು ಹಣವಿಲ್ಲದೆ ಒದಗಿಸುತ್ತದೆ. ಒಂದನ್ನು ಆರಂಭದಲ್ಲಿಯೂ ಒಂದನ್ನು ಕೊನೆಯ ಹದಿನೈದು ದಿನಗಳಲ್ಲಿಯೂ ಬರೆಯಬೇಕು.

ತಂದೆತಾಯಿಗಳು ಹಣವನ್ನು ಕಟ್ಟುವ ಮೊದಲು ವಿಚಾರಿಸಬೇಕಾದ ಸಂಗತಿಯೊಂದಿದೆ. 2020ರಿಂದೀಚೆಗೆ ಅನೇಕ ವಿಶ್ವವಿದ್ಯಾನಿಲಯಗಳ ವಿಭಾಗಗಳು ಈ ಪರೀಕ್ಷೆಯನ್ನು ಐಚ್ಛಿಕವಾಗಿ ಮಾಡಿವೆ. ಕೆಲವು ಕೈಬಿಟ್ಟೇ ಇವೆ. ಸೇರಬೇಕೆಂದಿರುವ ವಿಭಾಗದ ನಿಯಮವನ್ನು ಮೊದಲು ಓದಿಸಿಕೊಳ್ಳಿರಿ. ಟೋಫೆಲ್, ಐ. ಇ. ಎಲ್. ಟಿ. ಎಸ್. ಮುಂತಾದ ಭಾಷಾಪರೀಕ್ಷೆಗಳು ಇದರಿಂದ ಬೇರೆ. ಒಂದನ್ನು ಬರೆದರೆ ಇನ್ನೊಂದು ತಪ್ಪುವುದೆಂದು ಭಾವಿಸಬೇಡಿರಿ. ಜಿ. ಆರ್. ಇ. ಅಂಕಗಳಿಗೆ ಐದು ವರ್ಷ, ಟೋಫೆಲ್ ಅಂಕಗಳಿಗೆ ಎರಡು ವರ್ಷ ಮಾನ್ಯತೆ. ಒಮ್ಮೆ ಸರಿಬಾರದಿದ್ದರೆ 21 ದಿನಗಳ ಮೇಲೆ ಮತ್ತೆ ಬರೆಯಬಹುದು. ಪಾಸ್‌ಪೋರ್ಟಿನಲ್ಲಿರುವ ಹೆಸರೂ ಅರ್ಜಿಯಲ್ಲಿರುವ ಹೆಸರೂ ಒಂದೇ ಆಗಿರಬೇಕು.

ನಮ್ಮ ಹುಡುಗಿಗೆ ಮೊದಲ ಮಾದರಿ ಪರೀಕ್ಷೆಯಲ್ಲಿ 143 ಬಂದಿತ್ತು. ಇಂಗ್ಲಿಷು ಭಾಗದಲ್ಲಿ ಎಲ್ಲರ ಸರಾಸರಿಯು 150ರ ಆಸುಪಾಸಿನಲ್ಲಿರುವುದರಿಂದ ಅದು ಕಡಿಮೆಯೇ. ಐದು ತಿಂಗಳ ಮೇಲೆ ನಿಜವಾದ ಪರೀಕ್ಷೆಯಲ್ಲಿ 154 ಬಂದಿತು. ಬೆರಗಾಗುವ ಅಂಕವಲ್ಲ, ಆಕೆಗೆ ಬೇಕಾಗಿದ್ದ ವಿಭಾಗಕ್ಕೆ ಅದು ಸಾಕಾಯಿತು. ಆಕೆಯು ಹೊರಟುಹೋದ ಮೇಲೆ ಚಿಕ್ಕಪ್ಪನವರ ದಪ್ಪ ಪುಸ್ತಕವು ನಮ್ಮ ಜಗಲಿಯಲ್ಲಿಯೇ ಉಳಿದಿದೆ. ತಾಯಿಯವರು ಈಗಲೂ ಸಂಜೆ ಕನ್ನಡ ಪತ್ರಿಕೆಯನ್ನು ಹಿಡಿದು ಬಂದು, “ಮೇಷ್ಟ್ರೇ, ಇದು ಬರೆದವರ ಮಾತೋ, ಅವರು ಬೈಯುತ್ತಿರುವವರ ಮಾತೋ?” ಎಂದು ಕೇಳುವುದುಂಟು.